ರಿಪೋರ್ಟ್ ನಾರ್ಮಲ್ ಬಂದ ಮೇಲೂ ನೋವು ಇದ್ದರೆ

ನಾನು ತಿಪಟೂರಿನಲ್ಲಿ ಬ್ಲೌಸ್ ಹೊಲಿಯುತ್ತೇನೆ. 21 ವರ್ಷದಿಂದ ಇದೇ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. 2016ರ ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ಬ್ಲೌಸ್‌ಗಳು ರಾಶಿ ಬಿದ್ದಿದ್ದಾಗ, ಬಲ ಹೆಗಲಿನಲ್ಲಿ ನೋವು ಶುರುವಾಯಿತು. ಹಬ್ಬ ಮುಗಿದರೆ ಹೋಗುತ್ತೆ ಅಂದುಕೊಂಡೆ. ಹಬ್ಬ ಹೋಯಿತು, ನೋವು ಹೋಗಲಿಲ್ಲ. ದೀಪಾವಳಿ ಹೊತ್ತಿಗೆ ಕುತ್ತಿಗೆಗೆ ಬಂತು. ಸಂಕ್ರಾಂತಿ ಹೊತ್ತಿಗೆ ಸೊಂಟ, ತೊಡೆ, ಮುಂಗೈ ಎಲ್ಲಾ ಹಿಡಿದುಕೊಂಡಿತ್ತು. ಆ ನೋವಿಗೆ ಒಂದು ಹೆಸರು ಸಿಕ್ಕಿದ್ದು 2022ರಲ್ಲಿ.

ಈ ಆರು ವರ್ಷದಲ್ಲಿ ಐದು ಡಾಕ್ಟರ ಹತ್ತಿರ ಹೋದೆ. ಎರಡು ಸಲ ಎಂಆರ್‌ಐ ಆಯಿತು. ರಕ್ತ ಎಷ್ಟು ಸಲ ಕೊಟ್ಟೆನೋ ಲೆಕ್ಕವಿಲ್ಲ. ಹೆಚ್ಚಿನ ಸಲ ಕೊನೆಗೆ ಅದೇ ಮಾತು: "ರಿಪೋರ್ಟ್ ಎಲ್ಲಾ ನಾರ್ಮಲ್ ಇದೆಯಮ್ಮ, ಏನೂ ಇಲ್ಲ." ಒಬ್ಬರು ತಲೆ ಎತ್ತದೆ "ಮನೇಲಿ ಏನಾದ್ರೂ ಟೆನ್ಷನ್ ಇದೆಯಾ?" ಅಂತ ಕೇಳಿದರು. ಅವತ್ತು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅತ್ತೆ. ತೋರಿಸೋಕೆ ಒಂದು ಗಾಯವಾದರೂ ಇದ್ದಿದ್ದರೆ ಅನ್ನಿಸಿತ್ತು.

ನಿಮಗೂ ಹಾಗೆ ಅನ್ನಿಸಿದ್ದರೆ ಇದನ್ನು ನಿಮಗೋಸ್ಕರ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಯಾವ ಮಾತ್ರೆ ತಗೋಬೇಕು ಅಂತ ಹೇಳಲು ಬರೆಯುತ್ತಿಲ್ಲ. ಸರಿಯಾದ ಡಾಕ್ಟರ ಮುಂದೆ ಸರಿಯಾದ ಮಾತು ಹೇಳುವುದು ಹೇಗೆ, ಆಮೇಲೆ ಮನೆಯಲ್ಲಿ ಬದುಕು ನಡೆಸುವುದು ಹೇಗೆ ಅನ್ನುವಷ್ಟು ನನಗೆ ಗೊತ್ತು. ಅದು ಗೊತ್ತಾಗಲು ನನಗೆ ಆರು ವರ್ಷ ಬೇಕಾಯಿತು. ನಿಮಗೆ ಅಷ್ಟು ಆಗಬಾರದು.

ಮೊದಲು, ಕಾಯಬಾರದ ನೋವು

ಕೆಲವು ನೋವಿಗೆ ಕಾಯುತ್ತಾ ಕೂರುವ ಹಾಗಿಲ್ಲ. ಸೊಂಟನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಕಾಲಿನ ಶಕ್ತಿ ಕಡಿಮೆಯಾಗುತ್ತಾ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಎದೆನೋವು, ಇದ್ದಕ್ಕಿದ್ದ ಹಾಗೆ ಸಿಡಿದ ತಲೆನೋವು ಬಂದರೂ ಅಷ್ಟೇ. ಜ್ವರ ಬರುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಯಾವಾಗಲಾದರೂ ಕ್ಯಾನ್ಸರ್ ಆಗಿದ್ದರೆ, ಬಿದ್ದ ಮೇಲೆ ಶುರುವಾದ ನೋವಾಗಿದ್ದರೆ ತಡ ಮಾಡಬೇಡಿ. ಕೀಲು ಊದಿಕೊಂಡು ಬಿಸಿಯಾಗಿದ್ದರೂ ಬೇಗ ತೋರಿಸಿ. ಕೀಲುವಾತಕ್ಕೆ ಚಿಕಿತ್ಸೆ ಬೇಗ ಶುರುವಾದಷ್ಟೂ ಕೀಲು ಹಾಳಾಗುವುದು ತಪ್ಪುತ್ತೆ.

ಇವು ಯಾವುದೂ ಇಲ್ಲ, ಆದರೆ ಮೂರು ತಿಂಗಳು ಕಳೆದರೂ ನೋವು ಬಿಟ್ಟಿಲ್ಲ ಅಂದರೆ ಅದನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಈಗ ಅದಕ್ಕೇ ಬೇರೆ ಜಾಗ ಇದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅಂದರೆ ನೋವು ಅನ್ನುವುದು ಬೇರೆ ಯಾವುದೋ ಕಾಯಿಲೆಯ ನೆರಳು ಮಾತ್ರ ಅಲ್ಲ, ಅದೇ ಒಂದು ಕಾಯಿಲೆಯೂ ಆಗಬಹುದು. ಇದು ಗೊತ್ತಾದ ದಿನ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ರಾತ್ರಿ ಯಜಮಾನರನ್ನು ಎಬ್ಬಿಸಿ ಹೇಳಿದ್ದೆ.

ಅಳತೆ ಪುಸ್ತಕ

ನನ್ನ ದಾರಿ ತಿರುಗಿದ್ದು ಆಸ್ಪತ್ರೆಯಲ್ಲಿ ಅಲ್ಲ, ಅಂಗಡಿಯಲ್ಲಿ. ಒಬ್ಬ ಹುಡುಗಿ ಬ್ಲೌಸ್ ವಾಪಸ್ ತಂದು "ಆಂಟಿ, ಇದು ಎಲ್ಲೋ ಹಿಡಿಯುತ್ತೆ" ಅಂದಳು. "ಎಲ್ಲಿ ಹಿಡಿಯುತ್ತೆ? ಕೈ ಎತ್ತಿದಾಗಲಾ, ಬಗ್ಗಿದಾಗಲಾ? ಹಾಕಿದ ತಕ್ಷಣವಾ, ಒಂದು ಗಂಟೆ ಆದಮೇಲಾ?" ಅಂತ ಕೇಳಿದೆ. ಅವಳು ಕೈ ಎತ್ತಿ ತೋರಿಸಿದಳು. ಬಲ ಕಂಕುಳ ಹಿಂದೆ ಅರ್ಧ ಇಂಚು ಬಿಡಿಸಿದೆ, ಸರಿಹೋಯಿತು. ಅವಳು ಹೋದ ಮೇಲೆ ಟೇಪು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತೆ. ನಾನೂ ಡಾಕ್ಟರ ಹತ್ತಿರ ಹೋಗಿ "ಮೈಯೆಲ್ಲಾ ನೋವು ಸಾರ್" ಅಂತಲೇ ಹೇಳುತ್ತಾ ಬಂದಿದ್ದೆ, ಅಲ್ವಾ? ಅವರು ತಿರುಗಿಸಿ ಕೇಳಬೇಕಿತ್ತು, ಕೇಳಲಿಲ್ಲ. ನಾನಾಗಿ ಅಳತೆ ಕೊಡಬಹುದಿತ್ತು, ಕೊಟ್ಟಿರಲಿಲ್ಲ.

ಅವತ್ತು ರಾತ್ರಿಯೇ ಅಳತೆ ಪುಸ್ತಕದ ಹಿಂಬದಿಯಿಂದ ಬರೆಯಲು ಶುರುಮಾಡಿದೆ. ಒಂದು ದಿನದ್ದು ಇಲ್ಲಿ ಹಾಗೇ ಕೊಡುತ್ತೇನೆ:

"ಜೂನ್ 14, ಮಂಗಳವಾರ. ರಾತ್ರಿ ಮೂರು ಸಲ ಎಚ್ಚರ. ಎದ್ದಾಗ ಮಲಗೇ ಇಲ್ಲ ಅನ್ನೋ ಹಾಗಿತ್ತು. ಬೆರಳು ಮಡಚೋಕೆ 15 ನಿಮಿಷ ಹಿಡೀತು. ಕುತ್ತಿಗೆ 6, ಎರಡೂ ಹೆಗಲು 7, ಸೊಂಟ 5. ಹೆಗಲಲ್ಲಿ ಉರಿ. ಮುದ್ದೆ ತಿರುವಲು ಆಗಲಿಲ್ಲ, ಅತ್ತೆ ತಿರುವಿದರು. ಎರಡು ಬ್ಲೌಸ್‌ಗೆ ಮಾತ್ರ ಹುಕ್ ಹಾಕಿದೆ. ಬರೆದ ಅಳತೆಯನ್ನೇ ಮೂರು ಸಲ ತಿರುಗಿ ನೋಡಿದೆ, ತಲೆಯಲ್ಲಿ ನಿಲ್ಲಲ್ಲ. ಮಾತ್ರೆ ಮಧ್ಯಾಹ್ನ ಒಂದು. ಸಂಜೆಗೆ ನೋವು 5ಕ್ಕೆ ಇಳೀತು."

ಇಷ್ಟೇ ಸಾಕು. ದಿನಕ್ಕೆ ಎರಡು ನಿಮಿಷ. ನೋವಿಲ್ಲ ಅಂದರೆ 0, ಇದಕ್ಕಿಂತ ಜಾಸ್ತಿ ತಡೆಯೋಕೇ ಆಗಲ್ಲ ಅಂದರೆ 10. ಆದರೆ ಬರೀ ಅಂಕಿ ಬರೆದರೆ ಪ್ರಯೋಜನ ಕಡಿಮೆ. ನನ್ನ 7 ಬೇರೆ, ನಿಮ್ಮ 7 ಬೇರೆ. "ಮುದ್ದೆ ತಿರುವಲು ಆಗಲಿಲ್ಲ" ಅನ್ನುವುದು ಯಾರಿಗಾದರೂ ಅರ್ಥ ಆಗುತ್ತೆ. ಆದ್ದರಿಂದ ಯಾವ ಕೆಲಸ ನಿಂತಿತು ಅನ್ನುವುದನ್ನು ಬಿಡದೆ ಬರೆಯಿರಿ. ನೀರಿನ ಬಿಂದಿಗೆ ಎತ್ತಲು ಆಗಲಿಲ್ಲ, ಬಸ್ಸಿನ ಮೆಟ್ಟಿಲು ಹತ್ತಲು ಆಗಲಿಲ್ಲ, ಜಡೆ ಹೆಣೆದುಕೊಳ್ಳಲು ಮಗಳನ್ನು ಕರೆದೆ, ಹೀಗೆ.

ಪಕ್ಕದ ಪುಟದಲ್ಲಿ ಒಂದು ಮನುಷ್ಯನ ಆಕಾರ ಬರೆದುಕೊಳ್ಳಿ, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಮಕ್ಕಳು ಬರೆಯುವ ಹಾಗಿದ್ದರೂ ಪರವಾಗಿಲ್ಲ. ಕಳೆದ ಒಂದು ವಾರದಲ್ಲಿ ಎಲ್ಲೆಲ್ಲಿ ನೋವಿತ್ತೋ ಅಲ್ಲಿ ಗೆರೆ ಎಳೆಯಿರಿ. ಎರಡು ವಾರ ಹೀಗೆ ಮಾಡಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ಮಾತು. ನೋವನ್ನು ಕನ್ನಡದಲ್ಲೇ ಹೇಳಿ. ನಾನು ಮೊದಮೊದಲು "ಪೇನ್ ಇದೆ ಸಾರ್" ಅನ್ನುತ್ತಿದ್ದೆ. ಆ ಒಂದು ಪದದಲ್ಲಿ ಏನೂ ಗೊತ್ತಾಗಲ್ಲ. ನಮ್ಮ ಭಾಷೆಯಲ್ಲಿ ನೋವಿಗೆ ಎಷ್ಟು ಪದ ಇದೆ ನೋಡಿ: ಉರಿ, ಸೆಳೆತ, ಚುಚ್ಚು, ಜೋಮು, ಜುಮುಜುಮು, ಕೊರೆತ, ಹಿಂಡಿದ ಹಾಗೆ, ಹಿಡಿದುಕೊಂಡ ಹಾಗೆ, ಜಜ್ಜಿದ ಹಾಗೆ, ಕರೆಂಟ್ ಹೊಡೆದ ಹಾಗೆ. ಒಂದೊಂದೂ ಡಾಕ್ಟರಿಗೆ ಒಂದೊಂದು ಸುಳಿವು. ಉರಿ, ಜುಮುಜುಮು, ಕರೆಂಟ್ ಹೊಡೆದ ಹಾಗೆ ಅಂದರೆ ಅವರು ನರದ ಕಡೆ ಯೋಚಿಸುತ್ತಾರೆ. ಬೆಳಿಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಮೈ ಬಿಗಿದುಕೊಂಡಿದ್ದು, ಓಡಾಡಿದ ಮೇಲೆ ಸಡಿಲವಾಗುತ್ತೆ ಅಂದರೆ ಉರಿಯೂತದ ವಾತದ ಕಡೆ ನೋಡುತ್ತಾರೆ. ವಯಸ್ಸಿನ ಹುಡುಗರಿಗೆ ಸೊಂಟನೋವು ಮಲಗಿದರೆ ಜಾಸ್ತಿ, ನಡೆದರೆ ಕಡಿಮೆ, ಬೆಳಗಿನ ಜಾವ ಎಬ್ಬಿಸುತ್ತೆ ಅಂದರೆ ಅದು ಬೆನ್ನುಮೂಳೆಯ ವಾತ ಇರಬಹುದು. ಅಂಥವರನ್ನು "ಬೈಕ್ ಜಾಸ್ತಿ ಓಡಿಸ್ತೀಯ" ಅಂತ ಹೇಳಿ ಸುಮ್ನೆ ಕಳಿಸಿಬಿಡುತ್ತಾರೆ. ಕಣ್ಣು ಕೆಂಪಾಗಿ ನೋವೂ ಬರುತ್ತಿದ್ದರೆ ಅದನ್ನೂ ಹೇಳಲೇಬೇಕು, ಎರಡಕ್ಕೂ ನಂಟಿದೆ. ಹೆಣ್ಣುಮಕ್ಕಳು ಮುಟ್ಟಿನ ದಿನಗಳನ್ನು ಪುಸ್ತಕದಲ್ಲಿ ಗುರುತು ಮಾಡಿ. ಕಿಬ್ಬೊಟ್ಟೆ ನೋವು ಪ್ರತಿ ತಿಂಗಳು ಅದೇ ಹೊತ್ತಿಗೆ ಏರಿದರೆ "ಎಲ್ಲರಿಗೂ ಇರೋದೇ" ಅಂದವರ ಮಾತು ಕೇಳಿ ಕೂರಬೇಡಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಯಾರ ಹತ್ತಿರ ಹೋಗಬೇಕು, ಏನು ಪರೀಕ್ಷೆ

ನಾನು ಮಾಡಿದ ದೊಡ್ಡ ತಪ್ಪು ಅಂದರೆ ಪ್ರತಿ ಸಲ ಹೊಸ ಡಾಕ್ಟರ ಹತ್ತಿರ ಹೋಗಿ ಮೊದಲಿಂದ ಶುರುಮಾಡಿದ್ದು. ಹತ್ತಿರದ ಒಬ್ಬ ಎಂಡಿ ಫಿಸಿಶಿಯನ್ನರನ್ನು ಹಿಡಿದುಕೊಳ್ಳಿ. ಅವರೇ ನಿಮ್ಮ ಮೂಲ ಡಾಕ್ಟರ್ ಆಗಲಿ. ಅಲ್ಲಿಂದ ಮುಂದೆ ಯಾರ ಹತ್ತಿರ ಹೋಗುವುದಾದರೂ ಅವರ ಚೀಟಿ ತಗೊಂಡೇ ಹೋಗಿ. ಕೀಲು, ಬೆಳಗಿನ ಬಿಗಿತ, ಮೈತುಂಬಾ ನೋವು ಇದ್ದರೆ ರುಮಟಾಲಜಿಸ್ಟ್, ಅಂದರೆ ವಾತರೋಗ ತಜ್ಞರು. ನರದ ನೋವು, ಬಿಡದ ತಲೆನೋವಿಗೆ ನರರೋಗ ತಜ್ಞರು. ಬೆಂಗಳೂರಿನ ನಿಮ್ಹಾನ್ಸ್ ಅಂದರೆ ಮನಸ್ಸಿನ ಕಾಯಿಲೆಗೆ ಮಾತ್ರ ಅಂದುಕೊಂಡವರು ಜಾಸ್ತಿ. ನರಕ್ಕೂ ಮಿದುಳಿಗೂ ಅದು ದೊಡ್ಡ ಸರ್ಕಾರಿ ಆಸ್ಪತ್ರೆ. ಕ್ಯಾನ್ಸರಿನ ನೋವಾದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ನೋವು ಕಡಿಮೆ ಮಾಡಲೆಂದೇ ವಿಭಾಗ ಇದೆ. ದೊಡ್ಡ ವೈದ್ಯಕೀಯ ಕಾಲೇಜುಗಳಲ್ಲಿ ಪೇನ್ ಕ್ಲಿನಿಕ್ ಅಂತ ಇರುತ್ತೆ, ಅದನ್ನು ಹೆಚ್ಚಾಗಿ ಅರಿವಳಿಕೆ ಡಾಕ್ಟರುಗಳು ನಡೆಸುತ್ತಾರೆ. ಓಡಾಡಲು ಆಗದವರು ಸರ್ಕಾರದ ಇ-ಸಂಜೀವನಿಯಲ್ಲಿ ಫೋನಿನಲ್ಲೇ ಡಾಕ್ಟರ ಹತ್ತಿರ ಉಚಿತವಾಗಿ ಮಾತಾಡಬಹುದು.

ಸ್ಕ್ಯಾನ್ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ನನ್ನ ಮೊದಲನೇ ಎಂಆರ್‌ಐನಲ್ಲಿ "ಡಿಸ್ಕ್ ಬಲ್ಜ್" ಅಂತ ಬರೆದಿತ್ತು, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಅಂತ. ಎರಡು ವರ್ಷ ಅದನ್ನೇ ನಂಬಿ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೆ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಜಾಸ್ತಿ ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನ 2015ರಲ್ಲಿ ಬಂದಿತ್ತು. 20 ವರ್ಷದವರಲ್ಲೇ 100ಕ್ಕೆ 30 ಜನರಿಗೆ ಡಿಸ್ಕ್ ಉಬ್ಬಿತ್ತು. 80 ವರ್ಷದವರಲ್ಲಿ 100ಕ್ಕೆ 84. ಯಾರಿಗೂ ನೋವಿರಲಿಲ್ಲ. ಅಂದರೆ ಸ್ಕ್ಯಾನಿನಲ್ಲಿ ಕಂಡದ್ದೆಲ್ಲಾ ನೋವಿಗೆ ಕಾರಣ ಅಲ್ಲ, ತಲೆಗೂದಲು ನೆರೆತ ಹಾಗೆ ಅದೂ ಆಗುತ್ತಿರುತ್ತೆ. ಸ್ಕ್ಯಾನ್ ಬೇಡ ಅಂತ ನಾನು ಹೇಳುತ್ತಿಲ್ಲ. "ಇದರಲ್ಲಿ ಏನು ಹುಡುಕ್ತಿದ್ದೀರಿ ಸಾರ್, ಸಿಕ್ಕರೆ ಚಿಕಿತ್ಸೆ ಬದಲಾಗುತ್ತಾ?" ಅಂತ ಕೇಳಿ.

ರಕ್ತದ ಪರೀಕ್ಷೆ ಮಾಡಿಸಲೇಬೇಕು. ಮೈಕೈ ನೋವಿಗೆ ಥೈರಾಯ್ಡ್ ಕಾರಣ ಇರಬಹುದು, ವಿಟಮಿನ್ ಡಿ ಕೊರತೆ ಇರಬಹುದು, ಸಕ್ಕರೆ ಕಾಯಿಲೆಯಿಂದ ನರ ಕೆಟ್ಟಿರಬಹುದು, ಬಿ12 ಕಡಿಮೆ ಇರಬಹುದು. ಇವಕ್ಕೆಲ್ಲಾ ಚಿಕಿತ್ಸೆ ಇದೆ. ಸಾಮಾನ್ಯವಾಗಿ ರಕ್ತದ ಎಣಿಕೆ, ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ, ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ, ವಿಟಮಿನ್ ಡಿ, ಬಿ12, ಕ್ಯಾಲ್ಸಿಯಂ ನೋಡುತ್ತಾರೆ. ವಾತರೋಗ ಹುಡುಕಲು ಮಾಡುವ ಆರ್‌ಎ ಫ್ಯಾಕ್ಟರ್, ಎಎನ್‌ಎ, ಎಚ್‌ಎಲ್‌ಎ-ಬಿ27 ಇವನ್ನು ನೀವಾಗಿ ಲ್ಯಾಬಿಗೆ ಹೋಗಿ ಮಾಡಿಸಬೇಡಿ. ಆರೋಗ್ಯವಾಗಿ ಇರುವವರಲ್ಲೂ ಇವು ಪಾಸಿಟಿವ್ ಬರುತ್ತೆ, ಸುಮ್ನೆ ಭಯ. ಡಾಕ್ಟರ್ ಹೇಳಿದರೆ ಮಾತ್ರ.

ರಿಪೋರ್ಟ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುರುಕಿಕೊಂಡು ಹೋಗಬೇಡಿ. ಒಂದು ಫೈಲು ತಗೊಂಡು ದಿನಾಂಕದ ಪ್ರಕಾರ ಜೋಡಿಸಿ, ಹೊಸದು ಮೇಲೆ. ಮುಂದಿನ ಹಾಳೆಯಲ್ಲಿ ಈಗ ತಗೊಳ್ಳುತ್ತಿರುವ ಎಲ್ಲಾ ಮಾತ್ರೆಗಳ ಹೆಸರು, ಆಯುರ್ವೇದದ್ದು, ನಾಟಿ ಔಷಧಿ ಎಲ್ಲಾ ಸೇರಿಸಿ ಬರೆಯಿರಿ.

ಆ ಹತ್ತು ನಿಮಿಷ

ಡಾಕ್ಟರ ಹತ್ತಿರ ನಿಮಗೆ ಸಿಗುವುದು ಹತ್ತು ನಿಮಿಷ, ಕೆಲವು ಕಡೆ ಅದೂ ಇಲ್ಲ. ಆದ್ದರಿಂದ ಮೊದಲ ಮಾತನ್ನು ಮನೆಯಲ್ಲೇ ಹೇಳಿ ಅಭ್ಯಾಸ ಮಾಡಿಕೊಳ್ಳಿ. ನಾನು ಬೆಂಗಳೂರಿನ ರೈಲಿನಲ್ಲಿ ಕೂತು ಯಜಮಾನರ ಮುಂದೆ ನಾಲ್ಕು ಸಲ ಹೇಳಿದ್ದು ಹೀಗೆ: "ಸಾರ್, ನನಗೆ ಆರು ವರ್ಷದಿಂದ ನೋವು. ಹೆಗಲಲ್ಲಿ ಶುರುವಾಗಿ ಈಗ ಮೈಯ ಎರಡೂ ಕಡೆ, ಸೊಂಟದ ಮೇಲೂ ಕೆಳಗೂ ಇದೆ. ಕೀಲು ಊದಲ್ಲ. ಎಷ್ಟು ಮಲಗಿದರೂ ಸುಸ್ತು. ಮೊದಲು ದಿನಕ್ಕೆ ಐದು ಬ್ಲೌಸ್ ಹೊಲೀತಿದ್ದೆ, ಈಗ ಎರಡು. ಎರಡು ವಾರದ್ದು ಬರೆದು ತಂದಿದ್ದೀನಿ." ಅಷ್ಟೇ. ಅರ್ಧ ನಿಮಿಷ.

ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಮಾತಾಡಲು ಅಲ್ಲ, ಕೇಳಿಸಿಕೊಂಡು ಬರೆದುಕೊಳ್ಳಲು. ನೋವಿದ್ದಾಗ ಕಿವಿಗೆ ಬಿದ್ದದ್ದು ತಲೆಯಲ್ಲಿ ನಿಲ್ಲಲ್ಲ.

ಅವತ್ತು ಬೆಂಗಳೂರಿನ ಡಾಕ್ಟರಮ್ಮ ನನ್ನ ಪುಸ್ತಕ ಕೈಗೆ ತಗೊಂಡು ಪುಟ ತಿರುಗಿಸಿ ತಿರುಗಿಸಿ ಓದಿದರು. ಮುಂದಿನ ಪುಟಗಳಲ್ಲಿ ಎದೆ 34, ಸೊಂಟ 30, ತೋಳು 11 ಅಂತ ಬೇರೆಯವರ ಅಳತೆ. ಹಿಂದಿನ ಪುಟಗಳಲ್ಲಿ ನನ್ನದು. ಆಮೇಲೆ ಚಿತ್ರದ ಮೇಲೆ ಪೆನ್ನಿನ ತುದಿ ಇಟ್ಟು ಎಣಿಸಿದರು. ದವಡೆ, ಕುತ್ತಿಗೆ, ಹೆಗಲು, ಮೇಲ್ತೋಳು, ಮುಂಗೈ, ಎದೆ, ಹೊಟ್ಟೆ, ಬೆನ್ನಿನ ಮೇಲ್ಭಾಗ, ಕೆಳಭಾಗ, ಪೃಷ್ಠ, ತೊಡೆ, ಮೊಣಕಾಲ ಕೆಳಗೆ. ಎಡ ಬಲ ಸೇರಿ ಒಟ್ಟು 19 ಜಾಗ ನೋಡುತ್ತಾರೆ. ನನ್ನದು 12 ಆಯಿತು. ಸುಸ್ತು, ನಿದ್ದೆ, ಮರೆವು, ಹೊಟ್ಟೆ, ತಲೆನೋವು, ಮನಸ್ಸಿನ ಬೇಸರ, ಒಂದೊಂದನ್ನೂ ಕೇಳಿದರು. ಕೀಲುಗಳನ್ನೆಲ್ಲಾ ಒತ್ತಿ ನೋಡಿದರು. ಫೈಲಿನಲ್ಲಿದ್ದ ರಕ್ತದ ರಿಪೋರ್ಟ್ ನೋಡಿದರು. "ಇದಕ್ಕೆ ಫೈಬ್ರೊಮಯಾಲ್ಜಿಯಾ ಅಂತಾರೆ. ನಿಮ್ಮ ನೋವು ನಿಜವಾದದ್ದು" ಅಂದರು.

ಆ ಎರಡನೇ ಮಾತಿಗೆ ನಾನು ಅತ್ತುಬಿಟ್ಟೆ.

ಇದಕ್ಕೆ ರಕ್ತದಲ್ಲಿ ಒಂದು ಪರೀಕ್ಷೆ ಅಂತ ಇಲ್ಲ. 1990ರ ಪದ್ಧತಿಯಲ್ಲಿ ಮೈಮೇಲೆ 18 ಬಿಂದು ಒತ್ತಿ 11ರಲ್ಲಿ ನೋವಿದ್ದರೆ ಈ ಕಾಯಿಲೆ ಅನ್ನುತ್ತಿದ್ದರು. 2010ರಿಂದ ಬಿಂದು ಒತ್ತುವ ಲೆಕ್ಕ ಬೇಕಿಲ್ಲ. ನೋವಿನ ಜಾಗಗಳು, ಸುಸ್ತು, ನಿದ್ದೆ, ನೆನಪು ಇವನ್ನು ಕೇಳಿ, ಮೂರು ತಿಂಗಳಾದರೂ ಇದೆಯಾ ನೋಡಿ ತೀರ್ಮಾನ ಮಾಡುತ್ತಾರೆ. ಅಂದರೆ ನೀವು ಹೇಳುವ ಮಾತೇ ಇಲ್ಲಿ ಪರೀಕ್ಷೆ. ಅದಕ್ಕೇ ಬರೆದು ತಗೊಂಡು ಹೋಗಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕೀಲುವಾತ ಇದ್ದವರಿಗೂ ಇದು ಜೊತೆಗೆ ಬರಬಹುದು. ಒಂದು ಕಾಯಿಲೆಯ ಹೆಸರು ಸಿಕ್ಕಿತು ಅಂತ ಇನ್ನೊಂದನ್ನು ನೋಡದೆ ಬಿಡಬಾರದು. ನೀವೇ ಜಾಗ ಎಣಿಸಿ ಕಾಯಿಲೆ ಇದೆ ಅಂತ ತೀರ್ಮಾನಿಸಿಕೊಳ್ಳಲೂ ಬಾರದು.

"ಎಲ್ಲಾ ನಾರ್ಮಲ್ ಇದ್ದು ನೋವು ಹೇಗೆ?" ಅಂತ ಯಜಮಾನರು ಕೇಳಿದರು. ನರಗಳೂ ಮಿದುಳೂ ನೋವಿನ ಸುದ್ದಿಯನ್ನು ಇರುವುದಕ್ಕಿಂತ ಜೋರಾಗಿ ಓದುತ್ತಿವೆ ಅಂತ ಡಾಕ್ಟರ್ ವಿವರಿಸಿದರು. ನನಗೆ ಮೆಷಿನ್ ನೆನಪಾಯಿತು. ದಾರದ ಟೆನ್ಷನ್ ಸ್ಕ್ರೂ ಜಾಸ್ತಿ ಬಿಗಿಯಾದರೆ ಹೊಲಿಗೆಯುದ್ದಕ್ಕೂ ಬಟ್ಟೆ ಸುಕ್ಕು ಬೀಳುತ್ತೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಹರಿದಿರಲ್ಲ. ದಾರ ನೋಡಿ, ಚೆನ್ನಾಗಿರುತ್ತೆ. ಸೂಜಿಯೂ ಸರಿ. ಆದರೂ ಸುಕ್ಕು ಸುಳ್ಳಲ್ಲ. ಸ್ಕ್ರೂವನ್ನು ಕಾಲು ಸುತ್ತು, ಕಾಲು ಸುತ್ತು ಸಡಿಲ ಮಾಡುತ್ತಾ ಬರಬೇಕು. ಒಂದೇ ಸಲ ತಿರುಗಿಸಿದರೆ ದಾರ ಗಂಟು ಕಟ್ಟುತ್ತೆ. ಯಜಮಾನರಿಗೆ ಹೀಗೆ ಹೇಳಿದೆ, ಅವರಿಗೆ ಅರ್ಥವಾಯಿತು.

ಏಳುವ ಮೊದಲು ಕೇಳಬೇಕಾದದ್ದು ನಾಲ್ಕೇ: ಏನಿರಬಹುದು ಅಂತ ಯೋಚಿಸ್ತಿದ್ದೀರಿ? ಏನು ಅಲ್ಲ ಅಂತ ಖಾತ್ರಿ ಆಯ್ತು? ಈ ಮಾತ್ರೆ ಕೆಲಸ ಮಾಡ್ತಿದೆ ಅಂತ ಎಷ್ಟು ದಿನಕ್ಕೆ ಗೊತ್ತಾಗುತ್ತೆ? ಮತ್ತೆ ಯಾವಾಗ ಬರಲಿ? ಡಾಕ್ಟರ್ ಇವಕ್ಕೆ ಸಿಡುಕಿದರೆ ಇನ್ನೊಬ್ಬರ ಅಭಿಪ್ರಾಯ ತಗೊಳ್ಳಿ. ಅದರಲ್ಲಿ ತಪ್ಪೇನಿಲ್ಲ. ಫೈಲು ನಿಮ್ಮ ಹತ್ತಿರವೇ ಇದೆಯಲ್ಲ.

ಕಾಲು ಸುತ್ತು, ಕಾಲು ಸುತ್ತು

ಔಷಧಿಗಿಂತ ಮೊದಲು ಡಾಕ್ಟರ್ ಹೇಳಿದ್ದು ನಡಿಗೆ. ನನಗೆ ಕೋಪ ಬಂದಿತ್ತು, ನೋವು ಅಂತ ಬಂದವಳಿಗೆ ನಡಿ ಅಂತಾರಲ್ಲ ಅಂತ. ಆದರೆ ಈ ಕಾಯಿಲೆಗೆ ಯುರೋಪಿನ ವಾತರೋಗ ತಜ್ಞರ ಒಕ್ಕೂಟ ಗಟ್ಟಿಯಾಗಿ ಶಿಫಾರಸು ಮಾಡಿದ್ದು ವ್ಯಾಯಾಮ ಒಂದನ್ನೇ. ಉಳಿದ ಹಲವಕ್ಕೆ "ಪ್ರಯತ್ನಿಸಬಹುದು" ಅನ್ನುವಷ್ಟೇ. ಮೊದಲನೇ ವಾರ ನಾನು ನಮ್ಮ ಬೀದಿಯ ಎರಡನೇ ಲೈಟುಕಂಬದವರೆಗೆ ಹೋಗಿ ವಾಪಸ್ ಬಂದೆ. ಐದು ನಿಮಿಷ. ಹತ್ತು ದಿನ ಬಿಟ್ಟು ಇನ್ನೊಂದು ಕಂಬ. ನಾಲ್ಕು ತಿಂಗಳಿಗೆ 25 ನಿಮಿಷ ಆಯಿತು. ಮೊದಲೆರಡು ವಾರ ನೋವು ಸ್ವಲ್ಪ ಏರುತ್ತೆ, ಹೆದರಬೇಡಿ. ತುಂಬಾ ಏರಿದರೆ ಒಂದು ಕಂಬ ಹಿಂದಕ್ಕೆ ಬನ್ನಿ, ನಿಲ್ಲಿಸಬೇಡಿ.

ಇದರಲ್ಲಿ ಎಲ್ಲರೂ ಎಡವುವುದು ನೋವು ಕಡಿಮೆ ಇರುವ ದಿನ. ಅವತ್ತು ಬಾಕಿ ಕೆಲಸವೆಲ್ಲಾ ಒಟ್ಟಿಗೆ ಮಾಡಿಬಿಡುತ್ತೇವೆ. ಆಮೇಲೆ ಮೂರು ದಿನ ಹಾಸಿಗೆ. ನಾನು ಈಗ ಫೋನಿನಲ್ಲಿ 20 ನಿಮಿಷಕ್ಕೆ ಟೈಮರ್ ಇಡುತ್ತೇನೆ. ಹೊಡೆದ ತಕ್ಷಣ ಪೆಡಲ್ ಬಿಟ್ಟು ಏಳಬೇಕು, ಇನ್ನು ನಾಲ್ಕೇ ಬೆರಳು ಹೊಲಿಗೆ ಬಾಕಿ ಇದ್ದರೂ. ಚೆನ್ನಾಗಿರುವ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ. ಹಬ್ಬದ ಆರ್ಡರ್ ಮೊದಲಿನ ಅರ್ಧ ಮಾತ್ರ ಹಿಡಿಯುತ್ತೇನೆ. ಆದಾಯ ಕಡಿಮೆಯಾಯಿತು, ಅದು ನಿಜವಾದ ಕಷ್ಟ, ಮುಚ್ಚಿಡಲ್ಲ. ಆದರೆ ತಿಂಗಳಿಡೀ ಕೆಲಸ ಮಾಡಲು ಆಗುತ್ತಿದೆ. ಮೊದಲು ಹತ್ತು ದಿನ ಹೊಲಿದು ಹತ್ತು ದಿನ ಮಲಗುತ್ತಿದ್ದೆ.

ಮಾತ್ರೆಯ ವಿಷಯ. ಈ ನೋವಿಗೆ ಡಾಕ್ಟರುಗಳು ಸಾಮಾನ್ಯವಾಗಿ ಬರೆಯುವುದು ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರೆಗಾಬಾಲಿನ್ ಥರದವು. ನನಗೆ ರಾತ್ರಿ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್ ಕೊಟ್ಟರು. ಬಾಯಿ ಒಣಗುತ್ತಿತ್ತು, ಬೆಳಿಗ್ಗೆ ಮಂಪರು ಇತ್ತು. ಹೇಳಿದ ಮೇಲೆ ಹೊತ್ತು ಬದಲಾಯಿಸಿದರು, ಸರಿಹೋಯಿತು. ಫಲ ಗೊತ್ತಾಗಲು ಕೆಲವು ವಾರ ಬೇಕು. ಇವನ್ನು ಖಿನ್ನತೆಗೂ, ಫಿಟ್ಸಿಗೂ ಕೊಡುತ್ತಾರೆ. ಮೆಡಿಕಲ್ ಅಂಗಡಿಯವರು "ಇದು ಡಿಪ್ರೆಶನ್ ಮಾತ್ರೆ" ಅಂದಾಗ ಎಷ್ಟೋ ಜನ ಮನೆಗೆ ಬಂದು ಎಸೆದುಬಿಡುತ್ತಾರೆ. ಎಸೆಯಬೇಡಿ. ನೋವನ್ನು ಮಿದುಳಿಗೆ ಮುಟ್ಟಿಸುವ ದಾರಿಯ ಮೇಲೂ ಇವು ಕೆಲಸ ಮಾಡುತ್ತವೆ. ಹಾಗೇ, ಒಮ್ಮೆಲೇ ನಿಲ್ಲಿಸಲೂಬೇಡಿ, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ಮಗು ಬೇಕು ಅನ್ನುವವರು, ಗರ್ಭಿಣಿಯರು ಮೊದಲೇ ಹೇಳಿಬಿಡಿ. ಇಂಥ ಮಾತ್ರೆಗಳಲ್ಲಿ ಹಲವು ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಚೀಟಿ ತಗೊಂಡು ಹೋಗಿ ಕೇಳಿ.

ಅಂಗಡಿಯಲ್ಲಿ "ಮೈಕೈ ನೋವಿಗೆ ಎರಡು ಮಾತ್ರೆ ಕೊಡಿ" ಅಂತ ಕೇಳಿ ತಿನ್ನುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಥರದ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗುತ್ತೆ, ಕಿಡ್ನಿ ಹಾಳಾಗುತ್ತೆ, ಬಿಪಿ ಏರುತ್ತೆ. ಫೈಬ್ರೊಮಯಾಲ್ಜಿಯಾಗೆ ಅವು ಹೇಳಿಕೊಳ್ಳುವಷ್ಟು ಕೆಲಸವನ್ನೂ ಮಾಡಲ್ಲ. ಪ್ಯಾರಸಿಟಮಾಲ್ ಬೇರೆ ಬೇರೆ ಹೆಸರಿನ ಮಾತ್ರೆಗಳ ಒಳಗೆ ಸೇರಿರುತ್ತೆ. ಶೀತದ ಮಾತ್ರೆ, ನೋವಿನ ಮಾತ್ರೆ ಎರಡೂ ನುಂಗಿದರೆ ಲೆಕ್ಕ ತಪ್ಪುತ್ತೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು. ಹೆಸರಿಲ್ಲದ ವಾತದ ಪುಡಿಗಳ ಬಗ್ಗೆ ಹುಷಾರು. ಕೆಲವುದರಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಎರಡೇ ದಿನದಲ್ಲಿ ಹಾರುವಷ್ಟು ಆರಾಮ ಆಗುತ್ತೆ, ಆಮೇಲೆ ಮುಖ ಊದುತ್ತೆ, ಸಕ್ಕರೆ ಏರುತ್ತೆ, ಮೂಳೆ ಸವೆಯುತ್ತೆ. ಕುತ್ತಿಗೆಯನ್ನು ಲಟಕ್ಕನೆ ತಿರುಗಿಸುವವರ ಕೈಗೆ ಕುತ್ತಿಗೆ ಕೊಡಬೇಡಿ. ನಮ್ಮತ್ತೆ ಹರಳೆಣ್ಣೆ ಬೆಚ್ಚಗೆ ಮಾಡಿ ನಿಧಾನವಾಗಿ ತಿಕ್ಕುತ್ತಾರೆ, ಬಿಸಿನೀರಿನ ಶಾಖ ಕೊಡುತ್ತಾರೆ. ಅದು ನನಗೆ ನಿಜವಾಗಲೂ ಹಿತ.

ಮನಸ್ಸಿನ ಬಗ್ಗೆಯೂ ಹೇಳಬೇಕು. ವರ್ಷಗಟ್ಟಲೆ ನೋವು ತಿಂದವರ ಮನಸ್ಸು ಕುಗ್ಗುತ್ತೆ, ಕುಗ್ಗಿದ ಮನಸ್ಸಿಗೆ ನೋವು ಇನ್ನೂ ಜೋರು. ಒಂದು ಕಾಲದಲ್ಲಿ ಬದುಕೇ ಬೇಡ ಅನ್ನಿಸಿತ್ತು ನನಗೆ. ನಿಮಗೂ ಹಾಗೆ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ.

ಮನೆಯವರಿಗೆ

ನಮ್ಮತ್ತೆ ಮೊದಲು ನಂಬಿರಲಿಲ್ಲ. "ನಾವೆಲ್ಲಾ ರಾಗಿ ಬೀಸಿದವರು" ಅನ್ನುತ್ತಿದ್ದರು. ನಾನು ಜಗಳ ಆಡುತ್ತಿದ್ದೆ. ಆಮೇಲೆ ಜಗಳ ಬಿಟ್ಟು ದಿನಾ ಸಂಜೆ ಪುಸ್ತಕ ಬರೆಯುವಾಗ ಅವರನ್ನೇ ಕೇಳತೊಡಗಿದೆ: "ಅತ್ತೆ, ಇವತ್ತು ನಾನು ಹೇಗಿದ್ದೆ ಹೇಳಿ, ಬರೀತೀನಿ." ವಾರ ಕಳೆಯುವಷ್ಟರಲ್ಲಿ ಅವರೇ "ಇವತ್ತು ಎಡಗೈಲಿ ಲೋಟ ಹಿಡಿದಿದ್ದೆ, ಬಲಗೈ ಎತ್ತಲಿಲ್ಲ, ಬರಿ" ಅನ್ನಲು ಶುರುಮಾಡಿದರು. ಮನೆಯವರಿಗೆ ನೋವು ಕಾಣಿಸಲ್ಲ, ಅವರು ಕೆಟ್ಟವರು ಅಂತಲ್ಲ. ಅವರಿಗೂ ಒಂದು ಕೆಲಸ ಕೊಡಿ. "ಸಹಾಯ ಮಾಡಿ" ಅನ್ನುವ ಬದಲು "ಬೆಳಗ್ಗೆ ನೀರು ನೀವು ಹಿಡಿದಿಡಿ, ಮುದ್ದೆ ನೀವು ತಿರುವಿ, ಉಳಿದದ್ದು ನಾನು ನೋಡ್ಕೋತೀನಿ" ಅನ್ನಿ.

ಈಗಲೂ ನೋವು ಪೂರ್ತಿ ಹೋಗಿಲ್ಲ. 7 ಇದ್ದದ್ದು ಹೆಚ್ಚಿನ ದಿನ 3ರಲ್ಲಿ ಇರುತ್ತೆ. ಆದರೆ ಕೆಲವೊಮ್ಮೆ, ಮಳೆಗಾಲದಲ್ಲೋ, ನಿದ್ದೆಗೆಟ್ಟ ವಾರದಲ್ಲೋ, ಮತ್ತೆ 8ಕ್ಕೆ ಏರಿಬಿಡುತ್ತೆ. ಅಂಥ ದಿನ ತಲೆ ಓಡಲ್ಲ. ಅದಕ್ಕೇ ಆರಾಮಾಗಿದ್ದ ಒಂದು ದಿನ ಕೂತು ಚೀಟಿ ಬರೆದು ಮೆಷಿನ್ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ನೀವೂ ನಿಮ್ಮದನ್ನು ಬರೆದು ಅಂಟಿಸಿ. ನನ್ನದು ಹೀಗಿದೆ:

ಇವತ್ತು ಹೊಸ ಆರ್ಡರ್ ಬೇಡ. ಕತ್ತರಿಸುವ ಕೆಲಸ ಬೇಡ, ಅಳತೆ ತಪ್ಪುತ್ತೆ.
ಕುತ್ತಿಗೆಗೆ ಶಾಖ, 15 ನಿಮಿಷ.
ಮಲಗಿಯೇ ಇರಬೇಡ. ಒಂದು ಕಂಬದವರೆಗಾದರೂ ಹೋಗಿ ಬಾ.
ಅಡುಗೆ ಅತ್ತೆಗೆ ಹೇಳು. ಬೇಜಾರು ಮಾಡ್ಕೋಬೇಡ.
ಡಾಕ್ಟರ್ ಬರೆದದ್ದು ಬಿಟ್ಟು ಬೇರೆ ಮಾತ್ರೆ ಇಲ್ಲ.
ರಾತ್ರಿ ಹತ್ತಕ್ಕೆ ಫೋನ್ ಆಚೆ ಕೋಣೆಯಲ್ಲಿ.
ಮೂರು ದಿನಕ್ಕೂ ಇಳಿಯದಿದ್ದರೆ, ಅಥವಾ ಇದುವರೆಗೆ ಇಲ್ಲದ್ದು ಏನಾದರೂ ಬಂದರೆ ಡಾಕ್ಟರಿಗೆ ಫೋನ್.
ಪುಸ್ತಕ ಬರಿ.